ಪಾತಾಳದ ಬಾಗಿಲಲ್ಲಿ ಅಣ್ಣನ ಹೆಸರು

ಸೆಪ್ಟೆಂಬರ್ 14, ಶಿಲುಬೆಯ ಹಬ್ಬ

ಮೈದುನನ ಮಕ್ಕಳಿಗೆ ಕಾಗದ ಬರೆಯೋಣವೆಂದು ಕೂತವಳು ಮೂರು ಸಾಲು ಬರೆದು ಹರಿದು ಹಾಕಿದೆ. ಅವರಿಗೆ ಬರೆದರೆ ದೊಡ್ಡಮ್ಮನಿಗೆ ಅರಳುಮರಳು ಎನ್ನುತ್ತಾರೆ. ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಹಾಗಾಗಿ ಈ ಪುಸ್ತಕ. ಮೀನು ಕಟ್ಟಿಕೊಡುವ ಪತ್ರಿಕೆಯ ಹಾಳೆ ನೋಡಿ ನೋಡಿ ಅಕ್ಷರ ಕಲಿತವಳು ನಾನು. ತಪ್ಪಿದ್ದರೆ ತಿದ್ದುವವರಿಲ್ಲ, ಓದುವವರೂ ಇಲ್ಲ. ಆರಾಮ.

ನಮ್ಮೂರಿಗೆ ಸಿನಿಮಾ ಬಂದಿದೆ. ನೋಡುವ ಸಿನಿಮಾ ಅಲ್ಲ, ತೆಗೆಯುವ ಸಿನಿಮಾ. ಎರಡು ಆಡು ಎದುರಾದರೆ ಒಂದು ಹಿಂದೆ ಸರಿಯಬೇಕಾದ ನಮ್ಮ ರಸ್ತೆಯಲ್ಲಿ ಹದಿನೇಳು ಲಾರಿ. ನಾನೇ ಎಣಿಸಿದೆ. ಅರ್ಗೀರಿಸನ ಕಾಫಿ ಅಂಗಡಿಯಲ್ಲಿ ಬೆಳಗ್ಗೆ ಹತ್ತಕ್ಕೇ ಕಾಫಿಪುಡಿ ಮುಗಿಯಿತು. ಅವನ ಜೀವಮಾನದಲ್ಲಿ ಇದು ಮೊದಲು.

ಕಥೆ ನಮ್ಮದೇ. ಪುರಾಣದ ವೀರ ಹೆರಾಕ್ಲಿಸ್ ಪಾತಾಳಕ್ಕೆ ಇಳಿದು ಮೂರು ತಲೆಯ ನಾಯಿಯನ್ನು ಎಳೆದುಕೊಂಡು ಮೇಲೆ ಬಂದದ್ದು ನಮ್ಮ ಗುಹೆಯಿಂದ. ತೆನಾರೊ ಭೂಶಿರದಲ್ಲಿ ಇನ್ನೆರಡು ಊರಿನವರು ಅದು ತಮ್ಮ ಗುಹೆ ಎನ್ನುತ್ತಾರೆ. ಅವರ ಗುಹೆಯಲ್ಲಿ ಕುರಿ ಸಹ ತಲೆಯೆತ್ತಿ ನಿಲ್ಲಲಾರದು, ಇನ್ನು ಮೂರು ತಲೆಯ ನಾಯಿ ಹೇಗೆ ನಿಂತೀತು?

ಹೆಣದ ಗೊಂಬೆಯ ಮುಂದೆ ಅಳುವ ಹೆಂಗಸರು ಅವರಿಗೆ ಬೇಕಂತೆ. ನಮ್ಮ ಮಾನಿ ಸೀಮೆಯ ಹೆಂಗಸರು ಹೆಣದ ಮುಂದೆ ಹಾಡು ಕಟ್ಟಿ ಅಳುತ್ತಾರೆಂದು ಯಾರೋ ಹೇಳಿದ್ದಾರೆ. ಅಥೆನ್ಸಿನಿಂದ ಬಂದ ಮಿರ್ಸಿನಿ ಎಂಬ ಹುಡುಗಿ ದುಭಾಷಿ. ನಿರ್ದೇಶಕನಿಗೆ ನಮ್ಮ ಮಾತು ಬಾರದು. ಅವಳು ಮನೆಮನೆ ಬಾಗಿಲು ತಟ್ಟಿದಳು. ನಾನು ಬಾಗಿಲು ತೆರೆಯುವ ಮೊದಲೇ ಹೂಂ ಅಂದಿದ್ದೆ.

ಮೇಲಿನ ಮನೆಯವಳ ಬಾಗಿಲನ್ನೂ ತಟ್ಟಿದಳಂತೆ. ಅವಳು ಕೊಟ್ಟ ಉತ್ತರವನ್ನು ಸಂಜೆಯೊಳಗೆ ಮೂರು ಜನ ನನಗೆ ತಂದು ಮುಟ್ಟಿಸಿದರು: "ಒಡಹುಟ್ಟಿದವನಿಗೆ ಬಾರದ ಕಣ್ಣೀರು ಗೊಂಬೆಗೆ ಬರುತ್ತೇನೊ, ಲಿಗೆರೀನ ಕೇಳು."

ಬರಲಿ ಬಿಡು. ಈ ಲಿಗೆರಿ ಹೋಗುತ್ತಾಳೆ.

ಸೆಪ್ಟೆಂಬರ್ 15

ನಿದ್ದೆ ಹತ್ತಲಿಲ್ಲ. ಸಂತೋಷಕ್ಕೆ ಅರ್ಧ, ಆ ಮಾತಿಗೆ ಅರ್ಧ. ಈ ವಿಷಯ ಎಲ್ಲೂ ಬರೆದಿಟ್ಟಿಲ್ಲ, ಒಮ್ಮೆ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಮೇಲಿನ ಮನೆಯವಳೆಂದರೆ ನನ್ನ ಅಣ್ಣ ಕಿರಿಯಾಕುಲಿಯ ಹೆಂಡತಿ, ಕನೆಲ್ಲ. ಅಪ್ಪ ಬಿಟ್ಟುಹೋದ ಕಲ್ಲಿನ ಗೋಪುರದ ಮನೆಯಲ್ಲಿ ತನ್ನ ಪಾಲನ್ನು ಅಣ್ಣ ಹೊರಗಿನವರಿಗೆ ಮಾರಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ, ಚರ್ಚಿನ ಅಂಗಳದಲ್ಲಿ, ಇಡೀ ಊರಿನ ಎದುರು ನಾನಂದೆ, "ನಿನ್ನ ಹೆಣದ ಮುಂದೆ ನಾನು ಬಾಯಿ ತೆರೆಯೋದಿಲ್ಲ." ನಮ್ಮಲ್ಲಿ ಇದಕ್ಕಿಂತ ದೊಡ್ಡ ಶಾಪವಿಲ್ಲ. ಅಕ್ಕತಂಗಿಯರು ಹಾಡಿ ಕಳಿಸದ ಗಂಡಸು ಸತ್ತ ಮೇಲೂ ಪಾತಾಳದ ಹೊಸ್ತಿಲು ದಾಟಲಾರ. ಅವನು ಅದೇ ವಾರ ಹೆಂಡತಿಯನ್ನು ಕರೆದುಕೊಂಡು ಪಿರೆಯಸ್ ಬಂದರಿಗೆ ಹೋದ. ಐದು ವರ್ಷದ ಹಿಂದೆ ಅಲ್ಲೇ ಸತ್ತ. ಕಾಫಿ ಅಂಗಡಿಗೆ ಫೋನು ಬಂತು, ಅರ್ಗೀರಿಸ್ ನಾನಿದ್ದ ಆಲಿವ್ ತೋಟಕ್ಕೆ ಓಡಿ ಬಂದು ಹೇಳಿದ. ನಾನು ಏಣಿಯ ಮೇಲಿದ್ದೆ. ಕೆಳಗಿಳಿಯಲಿಲ್ಲ. ಆ ಮರದ ಕಾಯಿ ಮುಗಿಸಿ ಮುಂದಿನ ಮರಕ್ಕೆ ಏಣಿ ಹಾಕಿದೆ.

ಅವಳು ಊರಿಗೆ ವಾಪಸು ಬಂದು ತನ್ನ ತವರಿನ ಮೇಲಿನ ಮನೆ ಸೇರಿದಳು. ಅಲ್ಲಿಂದ ಈಚೆಗೆ ಅವಳ ಮನೆಯಲ್ಲಿ ಸೂತಕ ಮುಗಿದಿಲ್ಲ. ಕನ್ನಡಿಗೆ ಮುಸುಕು, ಹಬ್ಬಕ್ಕೆ ಒಲೆ ಹತ್ತುವುದಿಲ್ಲ. ವರ್ಷಕ್ಕೆ ಮುಗಿಸಬಹುದು ಎಂದು ಪಾದ್ರಿಯೇ ಹೇಳಿದರೂ ಕೇಳಳು. ರಕ್ತಸಂಬಂಧದವಳು ಅಳದೆ ಇವಳು ಮುಗಿಸುವವಳಲ್ಲ. ಹಟಕ್ಕೆ ಒಬ್ಬರಿಗೊಬ್ಬರು ಸರಿಸಾಟಿ.

ಬರೆದಾಯಿತು.

ಸೆಪ್ಟೆಂಬರ್ 20

ಇವತ್ತು ನಕ್ಕು ನಕ್ಕು ಪಕ್ಕೆ ನೋವು, ಆಮೇಲೆ ಜಗಳ ಆಡಿ ಗಂಟಲು ನೋವು.

ಬಟ್ಟೆ ಕೊಟ್ಟರು. ನಾನು ಗಂಡ ಹೋದ ಹನ್ನೆರಡು ವರ್ಷದಿಂದ ಕಪ್ಪು ಉಡುವವಳು. ನನ್ನ ಕಪ್ಪು ಸಾಕಷ್ಟು ಹಳೆಯದಾಗಿ ಕಾಣುವುದಿಲ್ಲವಂತೆ. ನಿಜವಾಗಿ ಹಳೆಯದಾದ ಬಟ್ಟೆ ಬಿಚ್ಚಿಸಿ, ಹಳೆಯದಾಗಿ ಕಾಣುವ ಹೊಸ ಬಟ್ಟೆ ಉಡಿಸಿದರು. ನನ್ನ ಜೊತೆ ಪೊತಿತ್ಸ, ಎಂಬತ್ತೆರಡು ವರ್ಷ, ಅರ್ಧ ಕಿವುಡಿ. ಅವಳ ಮುಖಕ್ಕೆ ಸುಕ್ಕು ಬಳಿಯಲು ಒಂದು ಹುಡುಗಿ ಕುಂಚ ತಂದಳು. ಪೊತಿತ್ಸ ಅವಳ ಕೈ ಹಿಡಿದು, "ಮಗಳೇ, ಇನ್ನೊಂದಕ್ಕೆ ಜಾಗ ಎಲ್ಲಿದೆ ತೋರಿಸು" ಅಂದಳು. ಉಳಿದ ಮೂವರು ಗುಡ್ಡದಾಚೆಯ ಊರಿನವರು, ನಗಲು ನಾಚಿಕೆಪಟ್ಟುಕೊಂಡರು.

ಹೀರೋವನ್ನು ಹತ್ತಿರದಿಂದ ನೋಡಿದೆ. ಹೆಬ್ಬಾಗಿಲಷ್ಟು ಅಗಲ. ಅವನ ಹೊಟ್ಟೆಯ ಮೇಲಿನ ಗೆರೆಗಳಲ್ಲಿ ಅರ್ಧ ಬಣ್ಣದ್ದು. ಕಣಜದ ಹುಳ ಬಂದರೆ ಮೊದಲು ಓಡುವವನು ಅವನೇ. ಒಳ್ಳೆಯವನು, ನಾನು ಕೊಟ್ಟ ಉಪ್ಪಿನ ಆಲಿವನ್ನು ಬೀಜ ಸಮೇತ ನುಂಗಿ ಬೆರಳು ಚೀಪಿದ.

ಆಮೇಲೆ ಜಗಳ. ಗುಹೆಯ ಬಾಯಲ್ಲಿ ಚಟ್ಟ, ಚಟ್ಟದ ಮೇಲೆ ರಬ್ಬರಿನ ಹೆಣ್ಣುಗೊಂಬೆ. ಅದು ಹೆರಾಕ್ಲಿಸನ ಹೆಂಡತಿಯಂತೆ. ಅವಳನ್ನು ವಾಪಸು ತರಲು ಇವನು ಪಾತಾಳಕ್ಕೆ ಹೋಗುತ್ತಾನಂತೆ. ಅವನು ಹೋದದ್ದು ನಾಯಿಗೆ, ಹೆಂಡತಿಗಲ್ಲ ಎಂದು ನಾನು ಮಿರ್ಸಿನಿಗೆ ಹೇಳಿದೆ. ಅವಳು ನಿರ್ದೇಶಕನಿಗೆ ಹೇಳಿದಳು. ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಅಳಿ ಅಂದರು. ಯಾರೂ ಬಾಯಿ ಬಿಡಲಿಲ್ಲ. ಹೇಗೆ ಬಿಡುವುದು? ಸತ್ತವರಿಲ್ಲದೆ ಅತ್ತರೆ ಸಾವು ಮನೆ ವಿಳಾಸ ಕೇಳಿಕೊಂಡು ಬರುತ್ತದೆ. ಮಕ್ಕಳು ಆಟಕ್ಕೆ ಅತ್ತರೂ ನಾವು ಬಾಯಿಗೆ ಹೊಡೆಯುತ್ತೇವೆ. ನಿರ್ದೇಶಕ ಸುಮ್ಮನೆ ತುಟಿ ಆಡಿಸಿರಿ ಎಂದ. ಪೊತಿತ್ಸ ನೆಲಕ್ಕೆ ಕೂತುಬಿಟ್ಟಳು. "ಇದು ರಬ್ಬರು. ಇದಕ್ಕೆ ಅಪ್ಪ ಯಾರು, ಅಮ್ಮ ಯಾರು? ಏನಂತ ಹೇಳಿ ಅಳ್ಲಿ?" ಎಂದಳು.

ಬಿಸಿಲು ಇಳಿಯಿತು, ದಿನ ಹಾಳಾಯಿತು. ಕೊನೆಗೆ ದಾರಿ ಹೇಳಿದವಳು ನಾನೇ. ಪ್ರತಿಯೊಬ್ಬಳೂ ತನ್ನ ತನ್ನ ಸತ್ತವರನ್ನು ಮನಸ್ಸಿನಲ್ಲಿ ಆ ಚಟ್ಟದ ಮೇಲೆ ಮಲಗಿಸಲಿ, ಅವರಿಗೇ ಹಾಡಲಿ. ಗೊಂಬೆಯ ಪಾಡು ಗೊಂಬೆಗೆ. ಎಲ್ಲರೂ ಒಪ್ಪಿದರು. ಮಿರ್ಸಿನಿ ನನ್ನ ಕೆನ್ನೆಗೆ ಮುತ್ತು ಕೊಟ್ಟಳು.

ನಾನು ಅಮ್ಮನನ್ನು ಮಲಗಿಸುತ್ತೇನೆ. ಅವಳಿಗೆ ಹಿಂದೆಯೇ ಸರಿಯಾಗಿ ಅತ್ತಿದ್ದೇನೆ, ಇನ್ನೊಮ್ಮೆ ಅತ್ತರೆ ತಪ್ಪು ತಿಳಿಯಳು.

ಸೆಪ್ಟೆಂಬರ್ 23

ಬಂದವಳೇ ಬರೆಯಲು ಕೂತೆ. ಅಕ್ಷರ ಸೊಟ್ಟವಾದರೆ ಆಗಲಿ.

ಮೊದಲು ಪೊತಿತ್ಸ ಹಾಡಿದಳು, ನಾವು ಸೊಲ್ಲು ಹಿಡಿದೆವು. ಕೊಪ್ಪರಿಗೆಯಷ್ಟು ದೊಡ್ಡ ಕ್ಯಾಮರಾ ತಲೆಯ ಮೇಲೆ ಸುತ್ತುತ್ತಿತ್ತು, ಸಮುದ್ರದ ಗಾಳಿ ಎದ್ದಿತ್ತು. ನನ್ನ ಸರದಿ ಬಂತು. ಅಮ್ಮಾ ಎಂದು ಶುರುಮಾಡಿದೆ. ಅಮ್ಮನ ಕೈ, ಅಮ್ಮನ ಮಗ್ಗ, ಅಮ್ಮ ಹೆತ್ತ ಮೊದಲ ಗಂಡು ಅಂತ ಸಾಲು ತಾನಾಗಿ ಹೋಯಿತು. ಹಾಗೆ ಹೋದ ಮೇಲೆ ವಾಪಸು ಬರಲಿಲ್ಲ.

ಕಲ್ಲೂರಿನ ಕಿರಿಯಾಕುಲಿ,
ಮಳೆಯೇ ಇಲ್ಲದ ನಮ್ಮೂರಿಗೆ
ಜಪಾನಿನ ಕೊಡೆ ತಂದವನೇ,
ಈಗ ಯಾವ ನೆರಳಲಿ ನಿಂತೆ?

ಅವನು ಹಡಗಿನ ಕೆಲಸಕ್ಕೆ ಸೇರಿ ಮೊದಲ ಸಲ ಬಂದಾಗ ತಂದ ಕೊಡೆ ಅದು. ಇಷ್ಟು ವರ್ಷ ನೆನಪೇ ಇರಲಿಲ್ಲ. ಪಾದ್ರಿಯ ಅಂಜೂರ ಕದ್ದದ್ದು ಬಂತು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋಪುರದ ತುದಿ ಹತ್ತಿದ್ದು ಬಂತು. ಗೋಪುರ ಮಾರಿದಲ್ಲಿಗೆ ಬಂದಾಗ ಹಾಡು ನಿಂತಿತು. ಅದರಾಚೆಗೆ ಅವನ ಬದುಕು ಹೇಗಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹಾಡಲಾಗದು. ನಮ್ಮ ಹಾಡಿನಲ್ಲಿ ಸುಳ್ಳು ಸೇರಿದರೆ ಕೇಳಿದವರು ಅಲ್ಲೇ ಎದ್ದು ತಿದ್ದುತ್ತಾರೆ.

ನಿಲ್ಲಿಸಿದಾಗ ನೋಡುತ್ತೇನೆ, ತಲೆವಸ್ತ್ರ ಕೈಯಲ್ಲಿದೆ, ಕೂದಲು ಬಿಚ್ಚಿಹೋಗಿದೆ. ಗಂಡ, ಮಗ, ಒಡಹುಟ್ಟಿದ ಗಂಡಸು, ಈ ಮೂವರಿಗೆ ಮಾತ್ರ ನಮ್ಮವರು ತಲೆವಸ್ತ್ರ ತೆಗೆಯುವುದು. ಯಾವಾಗ ತೆಗೆದೆನೋ ದೇವರಾಣೆ ತಿಳಿಯದು.

ಮೈಕು ಹಿಡಿದವನು ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ನಿರ್ದೇಶಕ ಚಪ್ಪಾಳೆ ತಟ್ಟಿ, ಅದ್ಭುತ, ಈಗ ಇದನ್ನೇ ಆ ಕಡೆಯಿಂದ ಇನ್ನೊಮ್ಮೆ ಎಂದನಂತೆ.

"ಅವನಿಗೆ ಹೇಳು," ಅಂದೆ ಮಿರ್ಸಿನಿಗೆ, "ಒಂದು ಹೆಣಕ್ಕೆ ಒಂದೇ ಸಲ."

ದಾರಿಯಲ್ಲಿ ಪೊತಿತ್ಸಳಿಗೆ, ನಾನು ಯಾರ ಹೆಸರು ಹಿಡಿದೆನೆಂದು ಊರಲ್ಲಿ ಹೇಳಬೇಡ ಎಂದೆ. ಅವಳು, "ಯಾರದು?" ಅಂದಳು. ಕಿವುಡಿಯ ಪುಣ್ಯ.

ಸೆಪ್ಟೆಂಬರ್ 24

ಎದ್ದೊಡನೆ ಒಂದು ಯೋಚನೆ ಹೊಳೆಯಿತು, ಕಾಫಿ ಉಕ್ಕಿ ಒಲೆಯೆಲ್ಲ ಹಾಳು.

ನಾನಾಗಿ ಹೋಗಿ ಮೇಲಿನ ಮನೆಯವಳಿಗೆ ಹೇಳಲಾರೆ. ಇಪ್ಪತ್ತೊಂದು ವರ್ಷದ ಶಪಥವನ್ನು ರಬ್ಬರು ಗೊಂಬೆಯ ಮುಂದೆ ಮುರಿದೆ ಎನ್ನಲೇ? ನಕ್ಕಾಳು. ಆದರೆ ಸಿನಿಮಾ ಹೇಳಬಹುದಲ್ಲ! ಸಿನಿಮಾ ಬರುತ್ತದೆ, ಕಡಲತೀರದ ಚೌಕದಲ್ಲಿ ಪರದೆ ಕಟ್ಟಿ ತೋರಿಸುತ್ತಾರೆ. ಅವಳೂ ಕೂತಿರುತ್ತಾಳೆ. ಅಷ್ಟು ದೊಡ್ಡ ಪರದೆಯ ಮೇಲಿಂದ ಅವಳ ಗಂಡನ ಹೆಸರು, ಅಂಜೂರ, ಕೊಡೆ ಎಲ್ಲ ಅವಳ ಕಿವಿಗೆ ಬೀಳುತ್ತದೆ. ನಾನು ಬಾಯಿ ಬಿಡುವಂತೆಯೇ ಇಲ್ಲ. ಪರದೆಯೇ ನನ್ನ ಪರವಾಗಿ ಕಾಗದ ಬರೆದ ಹಾಗೆ.

ಎಷ್ಟು ದಿನ ಬೇಕೆಂದು ಮಿರ್ಸಿನಿಯನ್ನು ಕೇಳಿದೆ. ಮುಂದಿನ ಬೇಸಿಗೆಗೆ ಎಂದಳು.

ಅಯ್ಯೊ, ಅಷ್ಟೇನಾ. ಇಪ್ಪತ್ತೊಂದು ವರ್ಷ ಕಾದಿಲ್ಲವೆ.

ಅಕ್ಟೋಬರ್ 9

ಲಾರಿಗಳು ಹೋದವು. ಊರು ಹಲ್ಲು ಕಿತ್ತ ಬಾಯಿಯ ಹಾಗೆ ಖಾಲಿ.

ನವೆಂಬರ್ 27

ಆಲಿವ್ ಕೊಯ್ಲು. ಬೆನ್ನು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ. ಬಲೆಗಳನ್ನು ಹಾಸುವಾಗ ಕನೆಲ್ಲ ತನ್ನ ಮರದ ಕೆಳಗೆ ಒಬ್ಬಳೇ ಕೋಲು ಬಡಿಯುತ್ತಿದ್ದಳು. ನನ್ನ ಬಲೆಯ ಒಂದು ತುದಿ ಅವಳ ಬೇಲಿಯೊಳಗೆ ಹೋಗಿತ್ತು. ಕಾಲಿನಿಂದ ಈಚೆ ತಳ್ಳಿದಳು, ಕಾಯಿ ಒಂದೂ ಚೆಲ್ಲದ ಹಾಗೆ. ಅವಳಿಗೂ ಎಪ್ಪತ್ತೆಂಟು. ಏಣಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ.

ಬೇಸಿಗೆಯವರೆಗೆ ಏಣಿಯಿಂದ ಬೀಳದಿರಲಿ. ಸಿನಿಮಾ ನೋಡಬೇಕು ಅವಳು.

ಡಿಸೆಂಬರ್ 24

ಲಲಾಂಗಿ ಕರಿದೆ, ಬುಟ್ಟಿ ತುಂಬ. ಹಿಟ್ಟಿನ ಎಳೆಗಳು ಎಣ್ಣೆಯಲ್ಲಿ ಹೊರಳುವ ಸದ್ದಿಗೇ ಹಬ್ಬ ಬಂದ ಹಾಗೆ. ಸೂತಕದ ಮನೆಗೆ ನೆರೆಯವರು ಒಯ್ದು ಕೊಡಬೇಕು, ಅದು ಪದ್ಧತಿ. ಐದು ವರ್ಷ ನಾನು ಕೊಟ್ಟಿರಲಿಲ್ಲ. ಈ ವರ್ಷ ಕೈ ತಾನಾಗಿ ಒಂದು ತಟ್ಟೆ ತುಂಬಿತು. ಪೊತಿತ್ಸಳ ಕೈಲಿ ಕಳಿಸಿದೆ, ಯಾರದೆಂದು ಹೇಳಬೇಡ ಎಂದೆ.

ತಟ್ಟೆ ಖಾಲಿ ವಾಪಸು ಕೊಡುವಂತಿಲ್ಲ, ಅದೂ ಪದ್ಧತಿ. ಅದರಲ್ಲಿ ಒಂದು ನಿಂಬೆಹಣ್ಣು ಬಂತು. ಒಂದೇ. ಸಣ್ಣದು. ಅದನ್ನು ಇಟ್ಟವಳು, "ಉಪ್ಪು ಸಾಲದು ಅಂತ ಅವಳಿಗೆ ಹೇಳು" ಎಂದಳಂತೆ. ಯಾರ ತಟ್ಟೆಯೆಂದು ಗೊತ್ತಾಗದೆ ಇರುತ್ತದೆಯೆ, ನೀಲಿ ಅಂಚಿನ ಆ ತಟ್ಟೆ ನಮ್ಮ ಅಮ್ಮನದು.

ಉಪ್ಪು ಸರಿಯಾಗಿಯೇ ಇತ್ತು. ಸ್ವಲ್ಪ ಕಡಿಮೆ ಇದ್ದಿರಬಹುದು.

ಮೇ 3

ಅರ್ಗೀರಿಸನ ಫೋನಿನಲ್ಲಿ ಸಿನಿಮಾದ ತುಣುಕು ಬಂದಿದೆ. ಇಡೀ ಊರು ಅಂಗೈಯಷ್ಟು ಗಾಜಿನ ಮೇಲೆ ಬಗ್ಗಿತು. ಹೆಸರು 'ಪಾತಾಳದ ಸರಪಳಿ'. ಬೆಂಕಿ, ಕತ್ತಿ, ಬೆಂಕಿ, ನಮ್ಮ ಬಂಡೆ, ಮತ್ತೆ ಬೆಂಕಿ. ಬಂಡೆ ಬಂದಾಗ ಎಲ್ಲರೂ ಓ ಎಂದೆವು. ಅದು ಪೊತಿತ್ಸಳ ಆಡು ನಿಲ್ಲುವ ಬಂಡೆ. ಅಳುವವರು ಕಾಣಲಿಲ್ಲ. ಒಳ್ಳೆಯದನ್ನು ಕೊನೆಗೆ ಇಟ್ಟಿರುತ್ತಾರೆ.

ಕನೆಲ್ಲ ಬ್ರೆಡ್ಡು ಕೊಳ್ಳಲು ಬಂದವಳು ಬಾಗಿಲಲ್ಲಿ ಒಂದು ಕ್ಷಣ ನಿಂತಳು, ನಾನು ನೋಡಿದ್ದನ್ನು ನೋಡಿ ಹೋದಳು.

ಆಗಸ್ಟ್ 15, ಮಾತೆ ಮರಿಯಳ ಹಬ್ಬ

ಬರುತ್ತಿದೆ! ಹದಿನೇಳಕ್ಕೆ. ಚೌಕದಲ್ಲಿ ಪರದೆ ಕಟ್ಟುತ್ತಿದ್ದಾರೆ, ಮೀನುಗಾರರು ಹಾಯಿಯ ಹಗ್ಗ ಕೊಟ್ಟಿದ್ದಾರೆ. ಇನ್ನೆರಡು ಊರಿನವರೂ ಬರುತ್ತಾರಂತೆ. ಬರಲಿ, ಗುಹೆ ಯಾರದೆಂದು ನೋಡಿಕೊಂಡು ಹೋಗಲಿ.

ನನ್ನ ಚಿಂತೆ ಒಂದೇ, ಕನೆಲ್ಲ ಬರಬೇಕು. ಸೂತಕದವಳು ಆಟ ನೋಟಕ್ಕೆ ಬರುವುದಿಲ್ಲ. ಅರ್ಗೀರಿಸನಿಗೆ ಹೇಳಿ ಮುಂದಿನ ಸಾಲಿನಲ್ಲಿ ಬೆನ್ನಿರುವ ಕುರ್ಚಿ ಒಂದನ್ನು ಕಾದಿರಿಸಿದೆ. ಪೊತಿತ್ಸ ಚರ್ಚಿನಲ್ಲಿ ಅವಳ ಪಕ್ಕ ಕೂತು ಕರೆದಳು, ಕಿವುಡಿಯಾದ್ದರಿಂದ ಪಾದ್ರಿಗೂ ಕೇಳುವಷ್ಟು ಗಟ್ಟಿಯಾಗಿ. ಕನೆಲ್ಲ ಅಷ್ಟೇ ಗಟ್ಟಿಯಾಗಿ, "ಬರ್ತೀನಿ. ಗೊಂಬೆ ಮುಂದೆ ಅವಳು ಹೇಗೆ ಅತ್ತಳು ಅಂತ ನೋಡಬೇಡ್ವೆ?" ಎಂದಳಂತೆ.

ನೋಡು ತಾಯಿ, ನೋಡು. ಕೇಳು ಕೂಡ. ಇವತ್ತು ಚರ್ಚಿನ ಹಾಡುಗಾರರಿಗಿಂತ ಗಟ್ಟಿಯಾಗಿ ಹಾಡಿದೆ ನಾನು, ಪಾದ್ರಿ ತಿರುಗಿ ನೋಡಿದರು.

ಆಗಸ್ಟ್ 18, ಬೆಳಗ್ಗೆ

ಹೇಗೆ ಬರೆಯಲಿ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕತ್ತಲಾಗುತ್ತಲೇ ಚೌಕ ತುಂಬಿತು. ಕುರ್ಚಿ ಸಾಲದೆ ಜನ ದೋಣಿಗಳ ಮೇಲೆ ಕೂತರು. ಕನೆಲ್ಲ ಬಂದು ತನ್ನ ಕುರ್ಚಿಯಲ್ಲಿ ಕೂತಳು, ನೆಟ್ಟಗೆ, ಕೈಚೀಲ ಮಡಿಲಲ್ಲಿ. ನಾನು ಎರಡು ಸಾಲು ಹಿಂದೆ. ಎದೆ ಹೊಡೆದುಕೊಳ್ಳುವುದು ಪಕ್ಕದವರಿಗೆ ಕೇಳಿಸೀತೆಂದು ಮಡಿಲಲ್ಲಿ ಕಡಲೆಬೀಜ ಇಟ್ಟುಕೊಂಡು ಸದ್ದು ಮಾಡುತ್ತ ತಿಂದೆ.

ಮೊದಲ ಹತ್ತು ನಿಮಿಷ ಊರಿಗೆ ಊರೇ ಉಸಿರು ಹಿಡಿದಿತ್ತು. ಆಮೇಲೆ ಹೆರಾಕ್ಲಿಸ್ ಹಾರಿದ. ರೆಕ್ಕೆಯಿಲ್ಲ, ಕುದುರೆಯಿಲ್ಲ, ಹಾಗೇ ಮೇಲೆದ್ದು ಹಾರಿದ. ಅರ್ಗೀರಿಸ್ ಎದ್ದು ನಿಂತು, "ಇವನಿಗೆ ಹಾರಕ್ಕೆ ಬರ್ತಿದ್ರೆ ನಮ್ಮೂರಿಗೆ ಅಷ್ಟು ದೂರ ಯಾಕಪ್ಪಾ ನಡ್ಕೊಂಡು ಬಂದ?" ಎಂದು ಪರದೆಯನ್ನೇ ಕೇಳಿದ. ನಮ್ಮ ಗುಹೆ ಬಂತು. ಒಳಗೆ ಹೋದರೆ ಅದು ನಮ್ಮದಲ್ಲ, ಅಥೆನ್ಸಿನ ರೈಲು ನಿಲ್ದಾಣದಷ್ಟು ದೊಡ್ಡದು, ಕಂಬಗಳೂ ಇದ್ದವು. ಆಚೆ ಊರಿನವರು ಶಿಳ್ಳೆ ಹೊಡೆದರು. ನಾಯಿಗೆ ಒಂದೇ ತಲೆ. ಉಳಿದೆರಡು ತಲೆ ಎಲ್ಲಿ ಎಂದು ಕಾಯುತ್ತಿದ್ದೆವು, ಅದು ರೆಕ್ಕೆ ಬಿಚ್ಚಿ ಬೆಂಕಿ ಉಗುಳಿತು. ಅದು ನಾಯಿಯೇ ಅಲ್ಲವಂತೆ. ಹೆರಾಕ್ಲಿಸ್ ಅದನ್ನು ಒದ್ದ, ಅದು ಅವನನ್ನು ಒದೆಯಿತು, ಇಬ್ಬರೂ ಒಂದೊಂದು ಬೆಟ್ಟ ಒಡೆದರು, ಮತ್ತೆ ಎದ್ದು ಒದ್ದರು. ಸತ್ತವರ ಒಡೆಯ ತೊಗಲಿನ ಕೋಟು ಹಾಕಿಕೊಂಡಿದ್ದ. ಜನ ಒಬ್ಬೊಬ್ಬರಾಗಿ ಎದ್ದು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡರು. ಪೊತಿತ್ಸ ನಿದ್ದೆಹೋದಳು, ಅಷ್ಟು ಗದ್ದಲದಲ್ಲಿ.

ನಾನು ಕದಲಲಿಲ್ಲ. ಬರುತ್ತದೆ, ಈಗ ಬರುತ್ತದೆ.

ಬಂತು. ಚಟ್ಟ, ಗಾಳಿ, ನಾವು ಐವರು. ನನ್ನ ಮುಖ ಮನೆಯ ಗೋಡೆಯಷ್ಟು ದೊಡ್ಡದಾಗಿ ಬಂತು. ತಲೆವಸ್ತ್ರ ಜಾರಿತು, ಬಿಳಿ ಕೂದಲು ಗಾಳಿಗೆ ಹಾರಿತು. ಬಾಯಿ ತೆರೆಯಿತು. ಕೇಳಿಸಿದ್ದು ನಗಾರಿ. ಡುಂ ಡುಂ ಡುಂ. ಅದರ ಮೇಲೆ ಯಾವಳೋ ಹರೆಯದವಳು ಆ ಆ ಎಂದು ರಾಗ ಎಳೆದಳು. ನನ್ನ ದನಿ ಇಲ್ಲ. ಅವನ ಹೆಸರಿಲ್ಲ. ಕೊಡೆಯಿಲ್ಲ, ಅಂಜೂರವಿಲ್ಲ. ಹತ್ತು ಎಣಿಸುವಷ್ಟರಲ್ಲಿ ಬೆಂಕಿ ಬಂದು ನಮ್ಮನ್ನೆಲ್ಲ ಸುಟ್ಟಿತು. ಸುಡುವುದು ಕಥೆಯಲ್ಲಿ ಇತ್ತೆಂದು ನಮಗೆ ಯಾರೂ ಹೇಳಿರಲಿಲ್ಲ.

ಯಾರೋ ಚಪ್ಪಾಳೆ ತಟ್ಟಿದರು, ಲಿಗೆರಿ ಲಿಗೆರಿ ಎಂದರು. ನಾನು ಮುಂದಿನ ಸಾಲು ನೋಡಿದೆ. ಕನೆಲ್ಲಳ ಕುರ್ಚಿ ಖಾಲಿ.

ಹನ್ನೊಂದು ತಿಂಗಳು ಕಾದೆ.

ಅದೇ ದಿನ, ಸಂಜೆ

ಬೆಳಗ್ಗೆ ಬರೆದು ಮುಗಿಸಿ ಅಂಗಳಕ್ಕೆ ಬಂದರೆ ಗೋಡೆಯಾಚೆ ಅವಳು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಇಪ್ಪತ್ತೊಂದು ವರ್ಷದಲ್ಲಿ ನನ್ನ ಮನೆಯ ಮುಂದೆ ನಿಂತದ್ದು ಇದೇ ಮೊದಲು.

"ತಲೆವಸ್ತ್ರ ಯಾರಿಗೆ ತೆಗೆದೆ?" ಎಂದಳು. ನಮಸ್ಕಾರವಿಲ್ಲ, ಹೇಗಿದ್ದೀಯ ಇಲ್ಲ.

ನನ್ನ ಹಾಳು ಬಾಯಿ. "ಸಿನಿಮಾದವರು ತೆಗಿ ಅಂದ್ರು, ತೆಗೆದೆ," ಎಂದೆ.

"ಸರಿ," ಎಂದು ಅವಳು ತಿರುಗಿದಳು. ಮೊಣಕಾಲು ನೋವಿನವಳು, ಮೆಟ್ಟಿಲು ಹತ್ತಲು ಗೋಡೆ ಹಿಡಿದುಕೊಂಡಳು. ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಪರದೆ ನನ್ನ ಪರವಾಗಿ ಏನೂ ಹೇಳಿರಲಿಲ್ಲ. ಇವಳು ಆ ತಿರುವು ದಾಟಿದರೆ ಇನ್ನು ಕೇಳುವವಳೂ ಅಲ್ಲ.

"ಅತ್ತಿಗೆ," ಎಂದೆ. "ಕಿರಿಯಾಕುಲಿಗೆ."

ಅವಳು ತಿರುಗಲಿಲ್ಲ. ಬೆನ್ನು ಮಾತ್ರ ನಿಂತಿತು. "ಏನಂತ ಹಾಡಿದೆ? ಆ ತಮಟೆ ಗದ್ದಲದಲ್ಲಿ ಒಂದೂ ಕೇಳಲಿಲ್ಲ. ಹಾಡು," ಎಂದಳು.

ಒಂದು ಹೆಣಕ್ಕೆ ಒಂದೇ ಸಲ, ಆಗಲೇ ಹಾಡಿಯಾಯಿತು ಎಂದೆ. ಅಲ್ಲಿಯೂ ಹಟ ನನ್ನದು.

"ಅದು ರಬ್ಬರಿಗೆ. ಅವನಿಗೆ ಇನ್ನೂ ಒಂದು ಸಲಾನೂ ಆಗಿಲ್ಲ."

ಒಳಗೆ ಬಂದಳು. ಅಂಜೂರದ ಮರದ ಕೆಳಗೆ ಕುರ್ಚಿ ಹಾಕಿದೆ, ಅವಳು ಕೈಚೀಲದಿಂದ ಅವನ ಫೋಟೊ ತೆಗೆದು ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿದಳು. ಮುದುಕನಾಗಿದ್ದ. ನಾನು ಅವನನ್ನು ಮುದುಕನಾಗಿ ನೋಡಿಯೇ ಇರಲಿಲ್ಲ. ಅಪ್ಪನ ಮೂಗು ಬಂದುಬಿಟ್ಟಿತ್ತು. ತಲೆವಸ್ತ್ರ ತೆಗೆದೆ, ಈ ಸಲ ತಿಳಿದೇ ತೆಗೆದೆ. ಹಾಡಿದೆ. ಅವಳು ಸೊಲ್ಲು ಹಿಡಿದಳು. ಅವಳ ದನಿ ಒಡೆದ ಗಡಿಗೆ, ಮೊದಲಿನಿಂದಲೂ ಹಾಗೇ, ಆದರೆ ಲಯ ತಪ್ಪುವುದಿಲ್ಲ. ಅಂಜೂರ ಬಂದಾಗ, ಅವನು ಕದ್ದದ್ದು ಪಾದ್ರಿಯದಲ್ಲ, ತನ್ನಪ್ಪನದು ಎಂದು ತಿದ್ದಿದಳು. ನಲವತ್ತು ವರ್ಷದ ಸಂಸಾರದಲ್ಲಿ ಅವನೇ ಒಪ್ಪಿಕೊಂಡಿದ್ದನಂತೆ. ತಿದ್ದಿಕೊಂಡೆ.

ಹಾಡು ಗೋಪುರ ಮಾರಿದಲ್ಲಿಗೆ ಬಂದಾಗ ನಿಲ್ಲಿಸಿದೆ. "ಇದರಾಚೆ ನಂಗೆ ಗೊತ್ತಿಲ್ಲ ಅತ್ತಿಗೆ. ನೀನು ಹೇಳು, ನಾನು ಕಟ್ತೀನಿ."

ಅವಳು ಹೇಳುತ್ತ ಹೋದಳು, ನಾನು ಸಾಲು ಕಟ್ಟುತ್ತ ಹೋದೆ. ಪಿರೆಯಸಿನಲ್ಲಿ ಮೂರನೇ ಮಹಡಿಯ ಮನೆ. ಡಬ್ಬಗಳಲ್ಲಿ ಮೆಣಸಿನ ಗಿಡ. ಹಡಗು ಕೂಗಿದರೆ ಕಿಟಕಿಗೆ ಹೋಗಿ ಅದರ ಹೆಸರು ಹೇಳುತ್ತಿದ್ದನಂತೆ, ನೋಡುವ ಮೊದಲೇ. ಗೋಪುರ ಯಾಕೆ ಮಾರಿದ ಎಂಬುದೂ ಬಂತು: ಅವಳ ಎದೆಯ ಆಪರೇಷನ್ನಿಗೆ. ಯಾರಿಗೂ ತಿಳಿಯಬಾರದೆಂದು ಅವಳೇ ಆಣೆ ಹಾಕಿಸಿದ್ದಳಂತೆ. ಆ ಸಾಲು ಕಟ್ಟಲು ನನಗೆ ತುಂಬ ಹೊತ್ತು ಹಿಡಿಯಿತು. ಅವಳು ಕಾದಳು. ಆಮೇಲೆ ಅವನ ಕಾಯಿಲೆ, ಆಸ್ಪತ್ರೆ.

"ನಂಗೆ ಯಾಕೆ ಹೇಳಿ ಕಳಿಸಲಿಲ್ಲ?" ಎಂದೆ. "ಸತ್ತ ಮೇಲೆ ಫೋನು ಮಾಡಿದ್ರಿ. ಬದುಕಿದ್ದಾಗ ಯಾಕೆ ಮಾಡಲಿಲ್ಲ?"

"ಮಾಡ್ತೀನಿ ಅಂದೆ. ಬೇಡ ಅಂದ. 'ಲಿಗೆರಿಗೆ ತಿಳಿಸಬೇಡ, ಬಂದುಬಿಡ್ತಾಳೆ. ಬಂದ್ರೆ ನಾನೇ ಸೋಲಬೇಕಾಗುತ್ತೆ' ಅಂದ."

ಬರುತ್ತಿದ್ದೆ. ಕಾಯಿಲೆ ಎಂದು ತಿಳಿದಿದ್ದರೆ ಏಣಿಯಿಂದ ಹಾರಿ ಬರುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು.

ಆ ಮಾತನ್ನೂ ಹಾಡಿಗೆ ಹಾಕು ಎಂದಳು ಅತ್ತಿಗೆ. ಎರಡು ಸಲ ಹಿಡಿದೆ. ಎರಡು ಸಲವೂ ನಡುವೆ ನಗು ಬಂತು, ಅವಳಿಗೂ ಬಂತು, ಅಳು ನಿಲ್ಲಲೂ ಇಲ್ಲ. ಮೂರನೇ ಸಲಕ್ಕೆ ಕೂತಿತು. ಕೂತ ಮೇಲೆ ಇಬ್ಬರೂ ಗಂಟಲು ಬಿಚ್ಚಿ, ಕಡಲಿಗೆ ಕೇಳುವ ಹಾಗೆ ಹಾಡಿದೆವು.

ಕೆಳಗಿನಿಂದ ಅರ್ಗೀರಿಸ್ ಓಡಿ ಬಂದ, ಮೇಲಂಗಿಯ ತುಂಬ ಕಾಫಿಪುಡಿ. ಗೋಡೆಯಾಚೆ ನಿಂತು ಏದುಸಿರು ಬಿಡುತ್ತ, ಯಾರು ಹೋದರು ಎಂದು ಕೇಳಿದ.

"ನನ್ನ ಗಂಡ," ಎಂದಳು ಅತ್ತಿಗೆ. "ಇವಳ ಅಣ್ಣ."

ಅರ್ಗೀರಿಸ್ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಟೋಪಿ ತೆಗೆದು ಗೋಡೆಯ ಮೇಲೆ ಕೂತ.